‘ಸೂಚಿಸು’ ಎಂಬ ಕ್ರಿಯಾಪದದ ಹೊಣೆ

ಕನ್ನಡದ ಸಂಶೋಧನ ಬರಹಗಳಲ್ಲಿ ಬಹುವಾಗಿ ದುಡಿಯುವ, ಆದರೆ ಅಪರೂಪಕ್ಕೆ ಪರೀಕ್ಷೆಗೆ ಒಳಗಾಗುವ ಕ್ರಿಯಾಪದಗಳಲ್ಲಿ ‘ಸೂಚಿಸು’ ಒಂದು. ‘ಈ ಶಾಸನವು ಇಂತಹುದನ್ನು ಸೂಚಿಸುತ್ತದೆ’ ಎಂಬ ವಾಕ್ಯ ಬಾರದ ಇತಿಹಾಸ ಲೇಖನ ವಿರಳ. ಶಾಸನವು ಹಾಗೆಂದು ಹೇಳಿತೋ, ಹೇಳದೆಯೇ ಆ ಕಡೆ ಬೆರಳು ತೋರಿತೋ, ಅಥವಾ ಓದಿದ ವಿದ್ವಾಂಸನೇ ಹಾಗೆ ಊಹಿಸಿದನೋ ಎಂಬುದು ಆ ಒಂದು ಪದದ ಮರೆಗೆ ಸರಿದುಬಿಡುತ್ತದೆ.

ಸಂಸ್ಕೃತದ ‘ಸೂಚಿ’ಯೇ ಕನ್ನಡದ ಸೂಜಿ. ‘ಸೂಚಿಸು’ ಎಂಬುದೂ ಅದೇ ಕುಲದ್ದು: ಮೊನೆಯಿಂದ ಮುಟ್ಟಿ ತೋರುವುದು. ನಾಟ್ಯಶಾಸ್ತ್ರಜ್ಞರು ಈ ಮಾತನ್ನು ಎಚ್ಚರದಿಂದ ಬಳಸಿದರು. ಯುದ್ಧ, ಮರಣ ಮುಂತಾದುವು ರಂಗದ ಮೇಲೆ ಬರಲಾಗದವು, ಅವು ‘ಸೂಚ್ಯ’. ಅವುಗಳನ್ನು ತಿಳಿಸಲು ವಿಷ್ಕಂಭ, ಪ್ರವೇಶಕ ಮೊದಲಾದ ಐದು ಬಗೆಗಳನ್ನು ಧನಂಜಯನ ‘ದಶರೂಪಕ’ ಹೇಳುತ್ತದೆ. ಪ್ರವೇಶಕದ ಪಾತ್ರಗಳು ಬಾಯಿಬಿಟ್ಟೇ ಮಾತನಾಡುತ್ತವೆ ಎಂಬುದನ್ನು ಗಮನಿಸಬೇಕು. ಅಂದರೆ ಸೂಚಿಸುವುದು ಮೌನವಲ್ಲ, ಕಿರಿದರಲ್ಲಿ ತೋರುವುದು. ಮಾತಿನ ಅರ್ಥ ಮುಗಿದ ಮೇಲೂ ಸಹೃದಯನಲ್ಲಿ ಮೂಡುವ ಮತ್ತೊಂದು ಅರ್ಥಕ್ಕೆ ಆನಂದವರ್ಧನನು ‘ಧ್ವನಿ’ ಎಂಬ ಬೇರೆಯ ಹೆಸರನ್ನೇ ಆರಿಸಿದನು. ಗಂಗೆಯಲ್ಲಿ ಹಳ್ಳಿಯಿದೆ ಎಂದರೆ ದಡದಲ್ಲಿದೆ ಎಂಬುದು ಲಕ್ಷಣೆ. ಅಲ್ಲಿಯ ತಂಪು, ಪಾವನತೆ ಹೊಳೆಯುವುದು ವ್ಯಂಜನೆ. ಮೊದಲನೆಯದಕ್ಕೆ ‘ಸೂಚಿಸುತ್ತದೆ’ ಎಂದರೆ ಸಹಿಸಬಹುದು. ಎರಡನೆಯದಕ್ಕೆ ‘ಧ್ವನಿಸುತ್ತದೆ’ ಎನ್ನುವುದೇ ಯುಕ್ತ.

ಪತ್ರಿಕೆಗಳು ಈ ಪದಗಳನ್ನು ಇನ್ನೊಂದು ದಾರಿಗೆ ಎಳೆದಿವೆ. ಸಚಿವರು ಅಧಿಕಾರಿಗಳಿಗೆ ‘ಸೂಚಿಸಿದರು’ ಎಂದರೆ ಈಗ ಆಜ್ಞಾಪಿಸಿದರು ಎಂದೇ ಅರ್ಥ. ಬಳಕೆ ಬೇರೂರಿದೆ, ಅದನ್ನು ಕೀಳಲಾಗದು. ಆದರೆ ಕೆಲಸ ಕೆಟ್ಟ ದಿನ, ಅದು ಆಜ್ಞೆಯಲ್ಲ, ಸಲಹೆಯಷ್ಟೇ ಎನ್ನಲು ಇದೇ ಪದ ಅನುಕೂಲವಾಗುತ್ತದೆ. ಇನ್ನು ‘ಸ್ಪರ್ಧಿಸುವ ಇಂಗಿತ ವ್ಯಕ್ತಪಡಿಸಿದರು’ ಎಂಬ ಪ್ರಯೋಗವಂತೂ ವಿನೋದದ್ದು. ಬಾಯಿಂದ ಆಡದೆ ಚಹರೆಯಲ್ಲಿ, ಚೇಷ್ಟೆಯಲ್ಲಿ ತೋರುವ ಒಳಬಗೆ ಇಂಗಿತ; ಧ್ವನಿವರ್ಧಕದ ಮುಂದೆ ಸಾರಿದ ಮೇಲೆ ಅದು ಇಂಗಿತವಾಗಿ ಉಳಿಯುವುದು ಹೇಗೆ?

ಪದದ ಸಡಿಲಿಕೆಯಿಂದ ಆಗುವ ನಷ್ಟ ‘ಕವಿರಾಜಮಾರ್ಗ’ದ ಚರ್ಚೆಯಲ್ಲಿ ಸ್ಪಷ್ಟವಾಗಿ ಕಾಣುತ್ತದೆ. ಕಾವೇರಿಯಿಂದ ಗೋದಾವರಿಯವರೆಗೆ ಕನ್ನಡ ನಾಡು ಎಂಬುದನ್ನು ಆ ಗ್ರಂಥ ಸೂಚಿಸುವುದಿಲ್ಲ, ನೇರವಾಗಿ ಹೇಳುತ್ತದೆ. ಕೃತಿಯು ನೃಪತುಂಗನಿಗೆ ಸಮ್ಮತವಾದುದೆಂದೂ ಹೇಳುತ್ತದೆ. ಸಮ್ಮತಿ ಹೇಳಿದ ಮಾತು. ಕರ್ತೃತ್ವ ಅದರಿಂದ ತೆಗೆದ ತೀರ್ಮಾನ. ಕೆ. ಬಿ. ಪಾಠಕರು 1898ರಲ್ಲಿ ಗ್ರಂಥವನ್ನು ಪ್ರಕಟಿಸಿದಾಗ ಅದು ನೃಪತುಂಗನದೆಂದೇ ಮುದ್ರಿತವಾಯಿತು. ಅನಂತರದ ವಿದ್ವಾಂಸರಲ್ಲಿ ಹಲವರು ಶ್ರೀವಿಜಯನ ಕಡೆಗೆ ವಾಲಿದರು. ಎರಡೂ ಪಕ್ಷದವರು ಅದೇ ಪದ್ಯಗಳನ್ನು ಮುಂದಿಟ್ಟು ‘ಇದು ಸೂಚಿಸುತ್ತದೆ’ ಎಂದು ಬರೆಯಬಲ್ಲರು. ‘ಇದರಿಂದ ನಾವು ಊಹಿಸುತ್ತೇವೆ’ ಎಂದು ಬರೆದರೆ ವಾದ ದುರ್ಬಲವಾಗುವುದೆಂಬ ಅಂಜಿಕೆ ಇರಬಹುದು. ಆ ಅಂಜಿಕೆಗೆ ಆಧಾರವಿಲ್ಲ. ಊಹೆಯನ್ನು ಊಹೆಯೆಂದು ಕರೆದವನ ಕಾರಣಗಳನ್ನು ಓದುಗನು ತೂಗಿ ನೋಡಬಹುದು. ಗ್ರಂಥದ ಬಾಯಿಗೆ ತುರುಕಿದ ಊಹೆಯನ್ನು ತೂಗಲು ತಕ್ಕಡಿಯೇ ಸಿಕ್ಕದು.

ಹಲ್ಮಿಡಿ ಶಾಸನದ ಮಾತೂ ಹೀಗೆಯೇ. ಅದರಲ್ಲಿ ಕಾಲದ ಉಲ್ಲೇಖವಿಲ್ಲ. ಸುಮಾರು 450 ಎಂಬುದು ಲಿಪಿ, ಭಾಷೆ, ಅದರಲ್ಲಿ ಬರುವ ಹೆಸರುಗಳನ್ನು ಕೂಡಿಸಿ ವಿದ್ವಾಂಸರು ಕಟ್ಟಿದ ನಿರ್ಣಯ. ಶಾಲೆಯ ಪಾಠಗಳಲ್ಲಿ ಅದು ‘450ರ ಶಾಸನ’ವಾಗಿ ನಿಂತಿದೆ. ಲಿಪಿಯ ರೂಪ ಕಾಲವನ್ನು ಸೂಚಿಸುತ್ತದೆ ಎನ್ನುವುದು ಸರಿಯಾದ ಪ್ರಯೋಗ, ಏಕೆಂದರೆ ಸೂಚಕವಾದ ಲಿಪಿ ಕಣ್ಣೆದುರಿಗಿದೆ. ಶಾಸನವು ತನ್ನ ಕಾಲವನ್ನು ತಿಳಿಸುತ್ತದೆ ಎನ್ನುವುದು ಸುಳ್ಳು.