ಅಂತೋಣಿಯವರ ಸೊಂಟದ ಹಗ್ಗ

ಬೀಗದ ಕೈ ಕಳೆದ್ರೆ ನಮ್ಮಲ್ಲಿ ಎಷ್ಟೋ ಜನಕ್ಕೆ ಮೊದ್ಲು ನೆನಪಾಗೋದು ಸಂತ ಅಂತೋಣಿಯವರು. ಡೋರ್ನಹಳ್ಳಿ ಜಾತ್ರೇಲಿ ತಂದ ಅವರ ಪಟ ಮಾರತ್ತಹಳ್ಳಿ ಫ್ಲ್ಯಾಟುಗಳಲ್ಲೂ ಇದೆ. ಹೊಲ ಉಳುವಾಗ ರೈತನಿಗೆ ಅವರ ಮರದ ವಿಗ್ರಹ ಸಿಕ್ತು ಅಂತಾರಲ್ಲ, ಅದೇ ಊರು. ಆದ್ರೆ ಪಟನ ಸರಿಯಾಗಿ ನೋಡೋರು ಕಮ್ಮಿ ಕಣ್ರೀ.

ಲಿಲಿ ಹೂವು ಅಂದ್ರೆ ಶುದ್ಧ ಮನಸ್ಸು. ಪುಸ್ತಕ ಅಂದ್ರೆ ಬೈಬಲ್ಲು. ಅವರು ದೊಡ್ಡ ಬೋಧಕರು. ಅವರ ಕೀರ್ತನೆ ಪುಸ್ತಕ ಕಳುವಾಗಿ, ಪ್ರಾರ್ಥನೆ ಮಾಡಿದ್ಮೇಲೆ ವಾಪಸ್ ಬಂತಂತೆ. ಕಳೆದದ್ದನ್ನ ಹುಡುಕಿಕೊಡೋ ಸಂತ ಅಂತ ಹೆಸರು ಬಂದಿದ್ದು ಆ ಕಥೆಯಿಂದ್ಲೇ. ತೋಳಲ್ಲಿರೋ ಬಾಲಯೇಸು ಎಲ್ಲರಿಗೂ ಗೊತ್ತು.

ನಂಗೆ ಮುಖ್ಯ ಅನ್ಸೋದು ಸೊಂಟದ ಹಗ್ಗ. ಅದರಲ್ಲಿರೋ ಮೂರು ಗಂಟು ಮೂರು ವ್ರತ: ಬಡತನ, ಬ್ರಹ್ಮಚರ್ಯ, ವಿಧೇಯತೆ. ಲಿಸ್ಬನ್ನಿನ ಅನುಕೂಲಸ್ಥರ ಮಗ, ಎಲ್ಲಾ ಬಿಟ್ಟು ಕಂದು ನಿಲುವಂಗಿ ಹಾಕ್ಕೊಂಡು 1231ರಲ್ಲಿ ತೀರಿಕೊಂಡೋರು. ಅಂಥವರಿಗೆ ನಾವು ಚಿನ್ನದ ಬಣ್ಣದ ಫ್ರೇಮು, ಸುತ್ತ ಸೀರಿಯಲ್ ಲೈಟು!

ಅಲಂಕಾರ ಬೇಡ ಅನ್ನಲ್ಲ. ಆದ್ರೆ ಅವರ ಹೆಸರಲ್ಲಿ ಬಡವರಿಗೆ ರೊಟ್ಟಿ ಹಂಚೋ ಪದ್ಧತಿ ಹಿಂದಿನಿಂದ್ಲೂ ಇದೆ. ಜೂನ್ 13ರ ಹಬ್ಬಕ್ಕೆ ಹೊಸ ಫ್ರೇಮಿನ ದುಡ್ಡಲ್ಲಿ ಪಕ್ಕದ ಕಟ್ಟಡದ ಕೂಲಿಯವರಿಗೆ ಒಂದೊತ್ತು ಬಿಸಿ ಊಟ ಹಾಕಿ. ಹಳೇ ಫ್ರೇಮು ಒರೆಸಿದ್ರೆ ಸಾಕು.