ವ್ಯಾಪಾರಿ ಗೆದ್ದ ಕೋಟೆ

ಅಮೆರಿಕ ಇನ್ನೂ ಬ್ರಿಟಿಷರ ಕೈಯಲ್ಲಿದ್ದ ಕಾಲ. ಕಿಟರಿ ಊರಿನ ವಿಲಿಯಂ ಪೆಪ್ಪರೆಲ್‌ನದು ತಂದೆಯಿಂದ ಬಂದ ವ್ಯಾಪಾರ: ಮರಮುಟ್ಟು, ಮೀನು, ಹಡಗು. ಊರಪಡೆಯ ಕರ್ನಲ್ ಆಗಿದ್ದರೂ ದೊಡ್ಡ ಯುದ್ಧ ಕಂಡವನಲ್ಲ. ಆದರೂ 1745ರಲ್ಲಿ ಫ್ರೆಂಚರ ಲೂಯಿಸ್‌ಬರ್ಗ್ ಕೋಟೆಗೆ ಹೊರಟ ಸುಮಾರು 4,000 ಜನರಿಗೆ ಆತನೇ ಸೇನಾಪತಿಯಾದ. ರೈತರು, ಬೆಸ್ತರು ಅವನನ್ನು ನಂಬಿ ಬಂದರು. ವ್ಯಾಪಾರದಲ್ಲಿ ಗಳಿಸಿದ ಪತ್ತು ಇಲ್ಲಿ ಉಪಯೋಗಕ್ಕೆ ಬಂತು. ಬ್ರಿಟಿಷ್ ನೌಕಾಪಡೆ ಕಡಲ ದಾರಿ ಕಟ್ಟಿತು. ಜೂನ್‌ನಲ್ಲಿ ಕೋಟೆ ಬಿತ್ತು.

ಆದರೆ ಅದನ್ನು ಕಾಯಲು ಉಳಿದವರಲ್ಲಿ ನೂರಾರು ಜನ ಚಳಿಗಾಲದ ರೋಗಕ್ಕೆ ಬಲಿಯಾದರು, ಹೋರಾಟದಲ್ಲಿ ಸತ್ತವರಿಗಿಂತ ಹೆಚ್ಚು. 1748ರ ಒಪ್ಪಂದದಲ್ಲಿ ಲಂಡನ್ ಆ ಕೋಟೆಯನ್ನು ಫ್ರೆಂಚರಿಗೇ ಮರಳಿಸಿತು. ಬದಲಿಗೆ ಪಡೆದದ್ದೇನು ಗೊತ್ತೇ? 1746ರಲ್ಲಿ ಫ್ರೆಂಚರು ಹಿಡಿದಿದ್ದ ನಮ್ಮ ಮದ್ರಾಸು! ದಂಡಯಾತ್ರೆಯ ಖರ್ಚು ಮಾತ್ರ 1749ರಲ್ಲಿ ಬೆಳ್ಳಿ, ತಾಮ್ರದ ನಾಣ್ಯಗಳಾಗಿ ಹಡಗಿನಲ್ಲಿ ಬಾಸ್ಟನ್ ಸೇರಿತು.