ಕೋಪದ ಹಿಂದಿನ ಅಂಜಿಕೆ

ಗಂಡಸಿಗೆ ಕೋಪ ಬಂದರೆ ‘ಅವರದು ಖಡಕ್ ಸ್ವಭಾವ’ ಅಂತ ನಾವೇ ಹೇಳಿಬಿಡುತ್ತೇವೆ. ಕೋಪವೆಲ್ಲ ಗಟ್ಟಿತನವೇ? ನಾರ್ವೆಯ ಹೆನ್ರಿಕ್ ಇಬ್ಸೆನ್ 1879ರಲ್ಲಿ ಬರೆದ ‘ಗೊಂಬೆಮನೆ’ ನಾಟಕ ಓದಿದರೆ ಹಾಗನ್ನಿಸದು.

ಹೆಲ್ಮರನಿಗೆ ಬ್ಯಾಂಕಿನಲ್ಲಿ ಮ್ಯಾನೇಜರ್ ಕೆಲಸ ಸಿಕ್ಕಿದೆ. ಹಿಂದೆ ಅವನಿಗೆ ಕಾಯಿಲೆಯಾದಾಗ ಹೆಂಡತಿ ನೋರಾ ಗುಟ್ಟಾಗಿ ಸಾಲ ಮಾಡಿ ಇಟಲಿಗೆ ಕರೆದೊಯ್ದು ಉಳಿಸಿಕೊಂಡಿದ್ದಳು. ಸಾಲಪತ್ರಕ್ಕೆ ತಂದೆಯ ಸಹಿಯನ್ನು ತಾನೇ ಹಾಕಿದ್ದಳು. ತನ್ನ ಬಟ್ಟೆಬರೆಯ ದುಡ್ಡು ಮಿಗಿಸಿ, ರಾತ್ರಿ ಕೂತು ನಕಲು ಬರೆದು ಆ ಸಾಲ ತೀರಿಸುತ್ತಿದ್ದಳು.

ಸಾಲ ಕೊಟ್ಟವನ ಕಾಗದದಿಂದ ಗುಟ್ಟು ಬಯಲಾಗುತ್ತದೆ. ನಿನಗಾಗಿ ಪ್ರಾಣ ಕೊಟ್ಟೇನು ಅಂತ ಆಗತಾನೇ ಹೇಳಿದ ಗಂಡ ಬೆಂಕಿಯಾಗುತ್ತಾನೆ. ಮಕ್ಕಳನ್ನು ಬೆಳೆಸಲೂ ನೀನು ಯೋಗ್ಯಳಲ್ಲ ಅನ್ನುತ್ತಾನೆ. ಅಷ್ಟರಲ್ಲಿ ಸಾಲಪತ್ರ ವಾಪಸು ಬರುತ್ತದೆ. ತಕ್ಷಣ ಕೋಪ ಇಳಿದು, ತಾನು ಪಾರಾದೆನೆಂದು ಹಿಗ್ಗುತ್ತಾನೆ, ಹೆಂಡತಿಯನ್ನು ಕ್ಷಮಿಸಿಯೂ ಬಿಡುತ್ತಾನೆ!

ಅವಳ ತಪ್ಪಿಗೇ ಬಂದ ಕೋಪವಾಗಿದ್ದರೆ ಒಂದು ಕಾಗದಕ್ಕೆ ಇಳಿಯುತ್ತಿತ್ತೇ? ಅದು ಕೋಪವಲ್ಲ, ಮಾನ ಹೋದೀತೆಂಬ ಭಯ. ತಪ್ಪನ್ನು ಗಂಡ ತನ್ನ ಮೇಲೆ ಹಾಕಿಕೊಳ್ಳುತ್ತಾನೆ ಅಂತ ನಂಬಿದ್ದ ನೋರಾ ಮೂವರು ಮಕ್ಕಳನ್ನೂ ಬಿಟ್ಟು ಹೊರಟುಹೋಗುತ್ತಾಳೆ.

ಸೋದರಿಯರೇ, ಎಲ್ಲರೂ ಹೊಸ್ತಿಲು ದಾಟಬೇಕೆಂದಲ್ಲ. ಆದರೆ ಮನೆಯಲ್ಲಿ ರಂಪವಾದಾಗ ಒಂದು ಗಮನಿಸಿ: ಅವರಿಗೆ ನಿಮ್ಮ ಚಿಂತೆಯೋ, ನಾಲ್ಕು ಜನರ ಮಾತಿನ ಚಿಂತೆಯೋ? ಹೆದರಿದವರಿಗೆ ಧೈರ್ಯ ಹೇಳೋಣ. ಅವರ ಹೆದರಿಕೆಯನ್ನು ನಮ್ಮ ತಪ್ಪು ಅಂತ ತಲೆ ಮೇಲೆ ಹೊರುವುದು ಬೇಡ. ಕೈ ಎತ್ತಿದರಂತೂ ಮುಚ್ಚಿಡಬೇಡಿ, ನಂಬಿಕಸ್ಥರಿಗೆ ತಿಳಿಸಿ.